ಅಪವರ್ತನ ಹೊಳೆಯದಿದ್ದಾಗ ಏನು ಮಾಡುವುದು?

ಪ್ರಶ್ನೆ: 391, 299ರಂಥ ಸಂಖ್ಯೆಗಳ ಅಪವರ್ತನಗಳು ಥಟ್ಟನೆ ಹೊಳೆಯುವುದಿಲ್ಲ. ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.), ಲಘುತ್ತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ಕಂಡುಹಿಡಿಯಲು ಸುಲಭದ ದಾರಿ ಇದೆಯೇ?

ಉತ್ತರ: ಇದೆ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಬರೆದಿಟ್ಟಿದ್ದಾನೆ.

391 ಮತ್ತು 299 ಸೆಂಟಿಮೀಟರ್ ಉದ್ದದ ಎರಡು ದಾರಗಳಿವೆ ಎಂದುಕೊಳ್ಳಿ. ಎರಡನ್ನೂ ಚೂರೂ ಉಳಿಯದಂತೆ ಅಳೆಯುವ ಅತಿ ಉದ್ದದ ಕಡ್ಡಿ ಬೇಕು; ಅದರ ಉದ್ದವೇ ಮ.ಸಾ.ಅ. ಎರಡನ್ನೂ ಅಳೆಯುವ ಕಡ್ಡಿ ಅವುಗಳ ವ್ಯತ್ಯಾಸವನ್ನೂ ಅಳೆಯಲೇಬೇಕಲ್ಲವೇ? ಗುಟ್ಟೆಲ್ಲ ಇಲ್ಲಿದೆ. 391ರಲ್ಲಿ 299 ಕಳೆದರೆ 92. ಈಗ ಮತ್ತೆ ಮತ್ತೆ ಕಳೆಯುವ ಬದಲು 299ನ್ನು 92ರಿಂದ ಭಾಗಿಸಿ, ಶೇಷ 23. 92ನ್ನು 23ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಮ.ಸಾ.ಅ. 23. ಮಕ್ಕಳಿಗೆ ಇದನ್ನು ನಿಜವಾದ ದಾರ ಕತ್ತರಿಸಿಯೇ ತೋರಿಸಬೇಕು ಎಂಬುದು ನನ್ನ ಆಸೆ.

ಲ.ಸಾ.ಅ.ಗೆ ಬೇರೆ ಶ್ರಮವಿಲ್ಲ: ಎರಡರ ಗುಣಲಬ್ಧವನ್ನು 23ರಿಂದ ಭಾಗಿಸಿದರಾಯಿತು, 5083. ಆದರೆ ಈ ಸೂತ್ರ ಎರಡೇ ಸಂಖ್ಯೆಗಳಿಗೆ. 2, 4, 6ಕ್ಕೆ ಹಾಗೆ ಮಾಡಿದರೆ 24 ಬರುತ್ತದೆ, ಸರಿಯುತ್ತರ 12. ಮೂರಿದ್ದರೆ ಮೊದಲ ಎರಡರ ಲ.ಸಾ.ಅ. ತೆಗೆದು, ಅದರ ಮತ್ತು ಮೂರನೆಯದರ ಲ.ಸಾ.ಅ. ಕಂಡುಹಿಡಿಯಿರಿ.

ಆರ್ಯಭಟನ ‘ಕುಟ್ಟಕ’ವೂ ಇದೇ ಭಾಗಾಕಾರದ ಸರಣಿಯ ಮೇಲೆ ನಿಂತಿದೆ. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಸಣ್ಣದಾಗಿಸುವ ವಿಧಾನವದು.