ಅದೇ ಶೋಲೆಗೆ ಎಷ್ಟು ಸಲ ದುಡ್ಡು?

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯನ್ನು ದೊಡ್ಡಪ್ಪ ಮೂರು ಸಲ ಕೊಂಡಿದ್ದಾರೆ. ಟಿಕೆಟ್ ಲೆಕ್ಕ ಬೇರೆ, ನಾನು ಹೇಳುತ್ತಿರುವುದು ಆಡಿಯೊ ಮಾತು. ಮೊದಲು ಕ್ಯಾಸೆಟ್, ಅದರ ರೀಲು ಸಿಕ್ಕಿಕೊಂಡು ಹರಿದ ಮೇಲೆ ಇನ್ನೊಂದು ಕ್ಯಾಸೆಟ್, ಆಮೇಲೆ ಸಿ.ಡಿ. ಶೂಟಿಂಗ್ ನೋಡಲು ಶಾಲೆ ತಪ್ಪಿಸಿ ಬೆಟ್ಟದ ಕಡೆ ಓಡಿದ ಹುಡುಗ ಅವರು; ಆ ಮೋಹ ಇಳಿದಿಲ್ಲ. ಈಗ ‘ರೀಮಾಸ್ಟರ್ಡ್’ ಎಂಬ ಪದದ ಮೇಲೆ ಕಣ್ಣು. ‘ಲೋ, ನೀನು ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲ, ಇದ್ರಲ್ಲಿ ಏನಾದ್ರೂ ಐತಾ?’ ಅಂತ ಕೇಳಿದರು. ರೇಷ್ಮೆ ಗೂಡು ಮಾರಿದ ದುಡ್ಡು ಅದು, ಸುಮ್ಮನೆ ತಲೆಯಾಡಿಸುವಂತಿರಲಿಲ್ಲ.

ಹಳೆಯ ಖರೀದಿಗಳಿಗೆ ಕಾರಣವಿತ್ತು: ಒಮ್ಮೆ ರೀಲು ಹೋಯಿತು, ಇನ್ನೊಮ್ಮೆ ಪ್ಲೇಯರೇ ಮೂಲೆ ಸೇರಿತು. ರೀಮಾಸ್ಟರ್ ಕಥೆ ಹಾಗಲ್ಲ. ಹಾಡು ಅದೇ, ಆರ್.ಡಿ. ಬರ್ಮನ್ ಅವರೇ, ಮಿಶ್ರಣ ಮುಗಿದ ಟೇಪನ್ನು ಮತ್ತೆ ಡಿಜಿಟಲ್‌ಗೆ ಇಳಿಸಿ, ಗರಗರ ಸದ್ದು ತೆಗೆದು, ಏರಿಳಿತ ಸರಿಪಡಿಸುತ್ತಾರೆ. ಮೂಲ ಟೇಪ್ ಚೆನ್ನಾಗಿದ್ದರೆ ಇದರಿಂದ ನಿಜವಾಗಿಯೂ ಲಾಭ. 2025ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶನಗೊಂಡ ಶೋಲೆಯ ಮರುಸ್ಥಾಪಿತ ಪ್ರತಿಗೆ, ಜೋಪಾನವಾಗಿ ಉಳಿದಿದ್ದ ಮ್ಯಾಗ್ನೆಟಿಕ್ ಧ್ವನಿಪಟ್ಟಿಯೇ ಆಸರೆಯಾಯಿತು.

ಆದರೆ ಎಷ್ಟೋ ರೀಮಾಸ್ಟರ್‌ಗಳಲ್ಲಿ ಆಗುವುದು ಇಷ್ಟೇ: ಮೆಲ್ಲನೆಯ ಸದ್ದನ್ನು ಎತ್ತಿ, ಜೋರಾದದ್ದನ್ನು ಅದುಮಿ, ಒಟ್ಟು ವಾಲ್ಯೂಮ್ ಹೆಚ್ಚಿಸುವುದು. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಶೋಲೆಗೆ ಹೀಗೆ ಮಾಡಿದರೆ ನಷ್ಟವೇ. ರಾತ್ರಿಯ ಮೌನದಲ್ಲಿ ಜಯ್ ನುಡಿಸುವ ಮೌತ್ ಆರ್ಗನ್, ಠಾಕೂರ್ ಮನೆಯಂಗಳದ ಖಾಲಿ ಉಯ್ಯಾಲೆಯ ಕಿರುಗುಟ್ಟುವಿಕೆ, ಇವುಗಳ ಬಲವೆಲ್ಲ ಸುತ್ತಲಿನ ನಿಶ್ಶಬ್ದದಲ್ಲಿದೆ. ಅದನ್ನೂ ತುಂಬಿಬಿಟ್ಟರೆ ಉಳಿಯುವುದೇನು?

ಇನ್ನು ‘ಹೈ ರೆಸಲ್ಯೂಷನ್’ ಎಂದು ದುಬಾರಿ ಚಂದಾ ಕಟ್ಟುವ ಗೆಳೆಯರಿಗೆ ಒಂದು ಮಾತು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಮನುಷ್ಯನ ಕಿವಿಗೆ ಎಟುಕುವ ಸುಮಾರು 20 ಕಿಲೋಹರ್ಟ್ಸ್‌ಗೆ ಅಷ್ಟು ಸಾಕು, ಸಿಗ್ನಲ್ಸ್ ಪಾಠದ ನೈಕ್ವಿಸ್ಟ್ ಹೇಳುವುದೂ ಅದನ್ನೇ. ಮೇಲಾಗಿ ನಾವು ಬಳಸುವ ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಬಹುಪಾಲು ಹಾಡನ್ನು ಮತ್ತೆ ಕುಗ್ಗಿಸಿಯೇ ಕಿವಿಗೆ ಮುಟ್ಟಿಸುತ್ತವೆ. ಪಿ.ಜಿ. ಬಾಡಿಗೆಗೆ ಪರದಾಡುವವರು ಇದಕ್ಕೇಕೆ ದುಡ್ಡು ಸುರಿಯಬೇಕೋ!

ದೊಡ್ಡಪ್ಪನಿಗೆ ಎರಡು ಕೆಲಸ ಹೇಳಿದ್ದೇನೆ. ಯಾವ ಟೇಪಿನಿಂದ ತಯಾರಿಸಿದ್ದೆಂದು ಕವರಿನ ಮೇಲೆ ಬರೆದಿದೆಯೇ ನೋಡುವುದು ಒಂದು. ಎರಡನೆಯದು ಪರೀಕ್ಷೆ: ಹಳೆಯದು, ಹೊಸದು ಎರಡರ ವಾಲ್ಯೂಮೂ ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ನಾನು ಹಾಕುತ್ತೇನೆ, ಅವರು ಕಣ್ಣು ಮುಚ್ಚಿ ಕೇಳಬೇಕು. ಹತ್ತು ಸಲದಲ್ಲಿ ಒಂಬತ್ತು ಸಲ ಹೊಸದನ್ನೇ ಮೆಚ್ಚಿದರೆ ಖರೀದಿಗೆ ನನ್ನ ಅಡ್ಡಿಯಿಲ್ಲ.