ಕಪ್ಪಾದ ಮುಖ, ಕೆಂಪಾದ ಆಲ್ಬಂ

ಓರೆಯಾದ ಫೋಟೊವನ್ನು ನೇರ ಮಾಡುವುದು, ಅಂಚಿನಲ್ಲಿ ಇಣುಕಿದ ಬಕೆಟ್ಟನ್ನೋ ಯಾರದೋ ಅರ್ಧ ಭುಜವನ್ನೋ ಕತ್ತರಿಸಿ ತೆಗೆಯುವುದು, ಫ್ಲ್ಯಾಶ್ ಬಿದ್ದು ಕೆಂಪಾದ ಕಣ್ಣನ್ನು ಕಪ್ಪಾಗಿಸುವುದು: ಇಂಥ ಕೆಲಸಗಳನ್ನು ಫೋನಿನಲ್ಲಿರುವ ಯಾವ ಆ್ಯಪ್ ಬೇಕಾದರೂ ಮಾಡಿಕೊಡುತ್ತದೆ. ಮನೆಯ ಮಕ್ಕಳನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಅದಕ್ಕಾಗಿ ಒಂದು ಅಧ್ಯಾಯ ಬೇಕಿಲ್ಲ. ಜನ ನಿಜಕ್ಕೂ ಎಡವುವುದು ಬೆಳಕಿನ ವಿಷಯದಲ್ಲಿ, ಅದರಲ್ಲೂ ‘ಬ್ರೈಟ್‌ನೆಸ್’ ಎಂಬ ಸ್ಲೈಡರಿನ ಮುಂದೆ.

ಗೃಹಪ್ರವೇಶದ ಒಂದು ಫೋಟೊ ತೆಗೆದುಕೊಳ್ಳಿ. ಅಜ್ಜಿ ಕಳಶ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾರೆ, ಅವರ ಬೆನ್ನ ಹಿಂದೆ ಅಂಗಳದ ಬಿಸಿಲು. ಫೋಟೊ ತೆಗೆದವರು ಒಳಗಿದ್ದಾರೆ. ಹಳೆಯ ಕ್ಯಾಮೆರಾಕ್ಕೆ ಮುಖ ಯಾವುದು, ಬಾಗಿಲು ಯಾವುದು ಎಂಬುದು ತಿಳಿಯದು. ಕಂಡ ಬೆಳಕನ್ನೆಲ್ಲ ಸರಾಸರಿ ಮಾಡಿ, ಆ ಸರಾಸರಿ ನಡುಮಟ್ಟದ ಬೂದು ಬಣ್ಣಕ್ಕೆ ಬರುವಂತೆ ಚಿತ್ರ ತೆಗೆಯುತ್ತದೆ. ಅಂಗಳದ ಬಿಸಿಲು ಅಷ್ಟಿರುವಾಗ ಅಜ್ಜಿಯ ಮುಖ ಕಪ್ಪಾಗದೆ ಇನ್ನೇನು? ಕೂಡಲೇ ನಾವು ಬ್ರೈಟ್‌ನೆಸ್ ಏರಿಸುತ್ತೇವೆ. ಮುಖ ಹೊಗೆ ಹಿಡಿದಂತೆ ಮಂಕಾಗುತ್ತದೆ, ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ. ‘ಇದು ಕೆಟ್ಟ ಫೋಟೊ’ ಎಂದು ಅಳಿಸಿಹಾಕುತ್ತೇವೆ. ಆ ಫೋಟೊ ಕೆಟ್ಟಿರಲೇ ಇಲ್ಲ!

ಏನಾಯಿತೆಂದು ಅಂಕಿಗಳಲ್ಲಿ ನೋಡೋಣ. ಸಾಮಾನ್ಯ ಜೆಪೆಗ್ ಫೋಟೊದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಅಂಕಿ ಇರುತ್ತದೆ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ತುಂಬು ಬೆಳಕು. ಅಜ್ಜಿಯ ಮುಖವೆಲ್ಲ 20ರಿಂದ 60ರೊಳಗೆ ಇದೆ, ಅಂಗಳ 200ರಿಂದ 230ರೊಳಗೆ ಇದೆ ಎಂದುಕೊಳ್ಳಿ. ಬ್ರೈಟ್‌ನೆಸ್‌ನ ಮೂಲ ಲೆಕ್ಕ ಬರೀ ಕೂಡುವುದು. (ಈಗಿನ ಕೆಲವು ಆ್ಯಪ್‌ಗಳು ಇದನ್ನು ಸ್ವಲ್ಪ ಹದ ಮಾಡಿ ಕೊಡುತ್ತವೆ.) ಎಲ್ಲಕ್ಕೂ 80 ಕೂಡಿದರೆ ಮುಖ 100ರಿಂದ 140ಕ್ಕೆ ಬಂತು. ಕೆನ್ನೆಗೂ ಕಣ್ಣಿನ ಕುಳಿಗೂ ಇದ್ದ ಅಂತರ ಮಾತ್ರ ಮೊದಲಿನಷ್ಟೇ, 40. ಕಪ್ಪಾಗಿದ್ದ ಸೆರಗಿನ ಮಡಿಕೆಗಳೂ ಬೂದಿ ಬಣ್ಣಕ್ಕೆ ತಿರುಗಿದವು. ಅಂಗಳದ ಅಂಕಿಗಳು 280 ದಾಟಬೇಕಿತ್ತು, ಆದರೆ 255ರ ಮೇಲೆ ಜಾಗವೇ ಇಲ್ಲ. ರಂಗೋಲಿ, ತುಳಸಿಕಟ್ಟೆ, ನೆಂಟರ ಬಟ್ಟೆ ಎಲ್ಲವೂ 255 ಆಗಿ ಒಂದೇ ಬಿಳಿ ತೇಪೆಯಾಯಿತು.

ಇದಕ್ಕೆ ಸರಿಯಾದ ಉಪಕರಣ ಲೆವೆಲ್ಸ್. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಅದು ‘ಕಲರ್ಸ್’ ಮೆನುವಿನಲ್ಲಿದೆ. ತೆರೆದರೆ ಯಾವ ಅಂಕಿಯ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ, ಗುಡ್ಡದಂತೆ ಏರಿಳಿಯುವ ಹಿಸ್ಟೋಗ್ರಾಂ, ಅದರ ಕೆಳಗೆ ಮೂರು ಪುಟ್ಟ ತ್ರಿಕೋನಗಳು. ನಡುವಿನದನ್ನು ಎಡಕ್ಕೆ ಎಳೆಯುತ್ತ ಹೋದರೆ ಅದರ ಅಂಕಿ 1ರಿಂದ ಏರುತ್ತದೆ. 2ಕ್ಕೆ ತಂದು ನಿಲ್ಲಿಸಿದಾಗ 20 ಇದ್ದದ್ದು ಸುಮಾರು 71 ಆಗುತ್ತದೆ, 60 ಇದ್ದದ್ದು ಸುಮಾರು 124. ಮುಖದ ಅಂತರ 40ರಿಂದ 53ಕ್ಕೆ ಬೆಳೆಯಿತು, ಕೆನ್ನೆ ಕಣ್ಣು ಬೇರೆ ಬೇರೆಯಾಗಿ ಎದ್ದು ಬಂದವು. 0 ಇದ್ದದ್ದು 0 ಆಗಿಯೇ, 255 ಇದ್ದದ್ದು 255 ಆಗಿಯೇ ಉಳಿಯುತ್ತದೆ. ಬೆಲೆ ತೆರುವುದು ಅಂಗಳ: 200 ಹೋಗಿ 226, 230 ಹೋಗಿ 242. ಮೂವತ್ತರ ಅಂತರ ಹದಿನಾರಕ್ಕೆ ಇಳಿಯಿತು. ನಮಗೆ ಬೇಕಾದದ್ದು ಅಜ್ಜಿ, ಅಂಗಳವಲ್ಲ. ನಾನಂತೂ ಈ ವ್ಯಾಪಾರವನ್ನು ಯಾವಾಗಲೂ ಒಪ್ಪುತ್ತೇನೆ. ಫೋನಿನವರು ‘ಶ್ಯಾಡೋಸ್’ ಸ್ಲೈಡರ್ ಹುಡುಕಿಕೊಳ್ಳಿ, ಅದರ ದಾರಿಯೂ ಹೆಚ್ಚುಕಡಿಮೆ ಇದೇ. ಎಳೆದದ್ದು ಅತಿಯಾದರೆ ಮುಖದ ಮೇಲೆ ಬಣ್ಣದ ಕಾಳುಕಾಳು ಏಳುತ್ತವೆ, ಅಲ್ಲಿಗೆ ಕೈ ಬಿಡಬೇಕು.

ಕತ್ತಲಲ್ಲಿ ಅಡಗಿದ್ದನ್ನು ಹೀಗೆ ಹೊರತೆಗೆಯಬಹುದು, ಸುಟ್ಟುಹೋದ ಬಿಳಿಯನ್ನು ಆಗದು. ಫ್ಲ್ಯಾಶ್ ಹೊಡೆದು ಮಾವನವರ ಪಂಚೆಯ ನಿರಿಗೆಗಳೆಲ್ಲ 255 ಆಗಿದ್ದರೆ, ಎಷ್ಟು ಕಪ್ಪಾಗಿಸಿದರೂ ಸಿಗುವುದು ನಿರಿಗೆಯಲ್ಲ, ಬೂದು ಬಣ್ಣದ ತಗಡು. ಹಿಸ್ಟೋಗ್ರಾಂ ಬಲಗಡೆಯ ಅಂಚಿಗೆ ಗೋಡೆಯಂತೆ ಒತ್ತಿ ನಿಂತಿದೆಯೇ ಎಂದು ಮೊದಲೇ ನೋಡಿಕೊಂಡರೆ ವ್ಯರ್ಥ ಶ್ರಮ ತಪ್ಪುತ್ತದೆ.

ಎಲ್ಲ ಕಡೆ ಒಂದೇ ಅಂಕಿ ಕೂಡುವ ಅಥವಾ ಕಳೆಯುವ ಎಡವಟ್ಟು ಹಳೆಯ ಆಲ್ಬಮ್ಮಿನಲ್ಲೂ ಎದುರಾಗುತ್ತದೆ. 1970ರ ದಶಕದ ಬಣ್ಣದ ಫೋಟೊಗಳು ಬೀರುವಿನೊಳಗೇ ಇದ್ದರೂ ಕೆಂಪಿಗೆ ತಿರುಗಿರುವುದನ್ನು ಕಂಡಿರುತ್ತೀರಿ. ಅಂದಿನ ಬಣ್ಣದ ಪ್ರಿಂಟಿನಲ್ಲಿ ಸಯಾನ್, ಮೆಜೆಂಟಾ, ಹಳದಿ ಎಂಬ ಮೂರು ವರ್ಣದ್ರವ್ಯಗಳ ಪದರಗಳಿದ್ದವು. ಕತ್ತಲಲ್ಲಿಟ್ಟರೂ ಬೇಗ ಮಾಸುತ್ತಿದ್ದದ್ದು ಸಯಾನ್. ಕೆಂಪು ಬೆಳಕನ್ನು ಹೀರಿಕೊಳ್ಳುವುದು ಅದರ ಕೆಲಸ. ಅದು ಮಾಸಿದಾಗ ಕೆಂಪು ತಡೆಯಿಲ್ಲದೆ ನಮ್ಮ ಕಣ್ಣಿಗೆ ಮರಳುತ್ತದೆ. ಕಪ್ಪು-ಬಿಳುಪಿನ ಪ್ರಿಂಟಿನಲ್ಲಿ ಇರುವುದು ಬೆಳ್ಳಿ, ಈ ಬಣ್ಣಗಳಲ್ಲ. ಅಪ್ಪ ಅಮ್ಮನ ಮದುವೆಯ ಬಣ್ಣದ ಆಲ್ಬಮ್ಮಿಗಿಂತ ಅಜ್ಜ ಅಜ್ಜಿಯ ಮದುವೆ ಫೋಟೊ ಚೆನ್ನಾಗಿ ಉಳಿದಿರುವುದು ಇದರಿಂದಲೇ! ಅಮೆರಿಕದ ಹೆನ್ರಿ ವಿಲ್ಹೆಲ್ಮ್ 1993ರಲ್ಲಿ ಬಣ್ಣದ ಫೋಟೊಗಳ ಬಾಳಿಕೆಯ ಮೇಲೆ 744 ಪುಟಗಳ ಪುಸ್ತಕವನ್ನೇ ಹೊರತಂದರು. ನೆಂಟರಿಷ್ಟರ ಆಲ್ಬಂ ಕೆಂಪಾಗುವುದು ಅಷ್ಟು ಗಂಭೀರ ವಿಷಯ.

‘ಕೆಂಪು ಹೆಚ್ಚಾಗಿದೆ, ಎಲ್ಲ ಕಡೆ ಒಂದಿಷ್ಟು ಕಳೆದರಾಯಿತು’ ಎನ್ನುತ್ತೇವೆ. ಕಪ್ಪು ಕೂದಲಲ್ಲಿ ಕೆಂಪಿನ ಅಂಕಿ 90ಕ್ಕೆ ಏರಿದೆ, ಬಿಳಿ ಪಂಚೆಯಲ್ಲಿ ಅದು 240, ಅಂದರೆ ಸರಿಯಾಗಿಯೇ ಇದೆ. ಎಲ್ಲದರಿಂದ 90 ಕಳೆದರೆ ಕೂದಲು ಕಪ್ಪಾಗುತ್ತದೆ ನಿಜ, ಪಂಚೆ ನೀಲಿ-ಹಸಿರಾಗುತ್ತದೆ. ಲೆವೆಲ್ಸ್‌ನಲ್ಲಿ ‘ರೆಡ್’ ಚಾನೆಲ್ ಆರಿಸಿಕೊಂಡು, ಎಡಗಡೆಯ ಕಪ್ಪು ತ್ರಿಕೋನವನ್ನು 90ಕ್ಕೆ, ಅಂದರೆ ಗುಡ್ಡ ಶುರುವಾಗುವ ಬುಡಕ್ಕೆ ತನ್ನಿ. ಕೂದಲಿನ 90 ಸೊನ್ನೆಯಾಗುತ್ತದೆ, ಪಂಚೆಯ 240 ಸುಮಾರು 232ರಲ್ಲೇ ನಿಲ್ಲುತ್ತದೆ. ಹಸಿರು, ನೀಲಿ ಚಾನೆಲ್‌ಗಳಿಗೂ ಅವುಗಳ ಗುಡ್ಡ ನೋಡಿ ಹೀಗೇ ಮಾಡಿ. ಸೀರೆಯ ಹಸಿರು ಅಂಚು ಮೊದಲ ಸಲ ಕಾಣಿಸಿಕೊಳ್ಳುವ ಕ್ಷಣ ಬಲು ಸೊಗಸು.

ಈ ಕೆಲಸಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಬೇಡ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಅಡಕಗೊಳಿಸುತ್ತದೆ, ವಾಟ್ಸ್‌ಆ್ಯಪ್ ಕಳಿಸುವಂಥ ಹೆಚ್ಚು ಅಡಕವಾದ ಪ್ರತಿಯಲ್ಲಿ ಕತ್ತಲನ್ನು ಎತ್ತಿದರೆ ಆ ಚೌಕಗಳೇ ಮುಖದ ಮೇಲೆ ಮೂಡುತ್ತವೆ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪ್ರಿಂಟ್ ಆದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. 4×6 ಇಂಚಿನ ಫೋಟೊಗೆ 2400×3600 ಪಿಕ್ಸೆಲ್ ಸಿಗುತ್ತದೆ. ಅಂಟಿನ ಹಾಳೆಯ ಆಲ್ಬಮ್ಮಿನಿಂದ ಪ್ರಿಂಟನ್ನು ಕಿತ್ತು ತೆಗೆಯಬೇಡಿ, ಹಾಳೆಯ ಸಮೇತವೇ ಸ್ಕ್ಯಾನ್ ಮಾಡಿಸಬಹುದು.

ಮಸುಕು ಮುಖವನ್ನು ಒಂದೇ ಗುಂಡಿಗೆ ಸ್ಪಷ್ಟ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವು ಫೋಟೊದಲ್ಲಿ ಇಲ್ಲದ ರೆಪ್ಪೆಯನ್ನೂ ಹಲ್ಲನ್ನೂ ಊಹಿಸಿ ಬರೆಯುತ್ತವೆ. ಬಂದ ಮುಖ ಚೆಂದವೇ ಇರುತ್ತದೆ, ಅಜ್ಜಿಯದಾಗಿರುವುದಿಲ್ಲ. ಮೂಗುಬೊಟ್ಟು ಇರುವ ಜಾಗದಲ್ಲಿ ಮಚ್ಚೆ ಮೂಡಿದರೂ ಆ್ಯಪ್‌ಗೆ ಅದು ತಪ್ಪೆನಿಸದು.

ಲೆವೆಲ್ಸ್ ಕೈಗೆ ಹತ್ತಿದವರು ಅಲ್ಲಿಗೇ ನಿಲ್ಲದೆ ಕರ್ವ್ಸ್ ಕಲಿಯಲೇಬೇಕು ಎಂಬುದು ನನ್ನ ಒತ್ತಾಯ. ಅಲ್ಲಿ ಮೂರು ತ್ರಿಕೋನಗಳ ಬದಲು ಒಂದು ಗೆರೆ ಇರುತ್ತದೆ. ಅಜ್ಜಿಯ ಕೆನ್ನೆ ಇರುವ 60ರ ಬಳಿ ಒಂದು ಚುಕ್ಕಿ ಇಟ್ಟು ಮೇಲೆತ್ತಿ, ಅಂಗಳ ಇರುವ 200ರ ಬಳಿ ಇನ್ನೊಂದು ಚುಕ್ಕಿ ಇಟ್ಟು ಇದ್ದಲ್ಲೇ ಬಿಗಿಹಿಡಿಯಿರಿ. ಹಾಗೆ ಮಾಡಿದರೆ ರಂಗೋಲಿಯೂ ಉಳಿಯುತ್ತದೆ. ಫೋಟೊದ ನಕಲು ಮಾಡಿಕೊಂಡು, ಮೂಲವನ್ನು ಮುಟ್ಟದೆ, ಇವತ್ತೇ ಶುರು ಮಾಡಬಹುದು.