ಕರುಳಿನ ಕ್ಯಾನ್ಸರ್: ಹಂತದ ಜೊತೆಗೆ ಗೆಡ್ಡೆಯ ಗುರುತನ್ನೂ ಕೇಳೋಣ

ನಮ್ಮ ಧರ್ಮಕೇಂದ್ರದಲ್ಲಿ ಯಾರಿಗಾದರೂ ದೊಡ್ಡಕರುಳಿನ ಕ್ಯಾನ್ಸರ್ ಎಂದು ತಿಳಿದಾಗ ನಾವು ಕೇಳುವ ಮೊದಲ ಪ್ರಶ್ನೆ "ಯಾವ ಹಂತ?" ಎಂಬುದು. ಆದರೆ ಒಂದೇ ಹಂತದ ಇಬ್ಬರಲ್ಲಿ ಒಬ್ಬರು ಗುಣಮುಖರಾದರೆ ಇನ್ನೊಬ್ಬರಲ್ಲಿ ರೋಗ ಮರುಕಳಿಸಬಹುದು. ಇದಕ್ಕೆ ಒಂದು ಕಾರಣ ಗೆಡ್ಡೆಯ ಜೀನ್‌ಗಳಲ್ಲಿದೆ. ಬಯಾಪ್ಸಿಯಲ್ಲಿ ತೆಗೆದ ತುಣುಕಿನಲ್ಲೇ ಈ ಗುರುತುಗಳನ್ನು ಪರೀಕ್ಷಿಸಬಹುದು.

ಎಂಎಂಆರ್: ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯಿದು. ಸುಮಾರು ಶೇ. 15 ಗೆಡ್ಡೆಗಳಲ್ಲಿ ಇದು ಕೆಟ್ಟಿರುತ್ತದೆ. ಆದರೂ ಎರಡನೇ ಹಂತದಲ್ಲಿ ಇಂಥವರಿಗೆ ರೋಗ ಮರುಕಳಿಸುವುದು ಕಡಿಮೆ. 5-ಎಫ್‌ಯು ಔಷಧ ಮಾತ್ರ ಕೊಡುವುದರಿಂದ ಲಾಭ ಕಾಣದು. ರೋಗ ಹರಡಿದ್ದರೆ, ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಔಷಧವು ಕೀಮೋಥೆರಪಿಗಿಂತ ಹೆಚ್ಚು ಕಾಲ ರೋಗವನ್ನು ತಡೆಯುತ್ತದೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕೆರಾಸ್: ಸುಮಾರು ಶೇ. 40 ಗೆಡ್ಡೆಗಳಲ್ಲಿ ಈ ಜೀನ್ ಬದಲಾಗಿರುತ್ತದೆ. ಅಂಥವರಿಗೆ ಕೀಮೋ ಜೊತೆ ದುಬಾರಿ ಸೆಟುಕ್ಸಿಮ್ಯಾಬ್ ಸೇರಿಸಿದರೂ ಪ್ರಯೋಜನವಿಲ್ಲವೆಂಬುದು 2008ರಲ್ಲೇ ಸ್ಪಷ್ಟವಾಗಿತ್ತು. ಪರೀಕ್ಷೆಯಿಲ್ಲದೆ ಈ ಔಷಧಕ್ಕಾಗಿ ಜಾಗ ಅಡವಿಡುವುದು ಎಷ್ಟು ಸರಿ?

ಬಿರಾಫ್: ಹರಡಿದ ರೋಗದಲ್ಲಿ ವಿ600ಇ ಎಂಬ ಬದಲಾವಣೆಯಿದ್ದರೆ ಕಾಯಿಲೆ ಬೇಗ ಬೆಳೆಯುತ್ತದೆ, ಅದಕ್ಕೆ ಬೇರೆ ಔಷಧಗಳಿವೆ.

ಎಂಎಂಆರ್ ದೋಷ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ. ಇದೇ ಲಿಂಚ್ ಸಿಂಡ್ರೋಮ್. ಅಂಥವರ ಪ್ರತಿಯೊಂದು ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. ನಿಯಮಿತವಾಗಿ ಕೊಲೊನೋಸ್ಕೋಪಿ ಮಾಡಿಸಿದರೆ ಕ್ಯಾನ್ಸರನ್ನು ತಡೆಯಲು ಅಥವಾ ಬೇಗನೆ ಪತ್ತೆಹಚ್ಚಲು ಸಾಧ್ಯ.

ರೋಗಿಗಳನ್ನು ಭೇಟಿಮಾಡುವ ಧರ್ಮಭಗಿನಿಯರು, ವಾಳೆಯ ಗುರಿಕಾರರು "ಈ ಪರೀಕ್ಷೆ ಆಗಿದೆಯೇ?" ಎಂದು ವೈದ್ಯರಲ್ಲಿ ವಿಚಾರಿಸಲು ಕುಟುಂಬಕ್ಕೆ ನೆನಪಿಸಲಿ. ಗುರುತುಗಳು ಸಾಧ್ಯತೆಯನ್ನಷ್ಟೇ ಹೇಳುತ್ತವೆ. ಅವುಗಳನ್ನು ನೋಡಿ ಯಾರೂ ಭರವಸೆ ಕಳೆದುಕೊಳ್ಳಬೇಕಾಗಿಲ್ಲ.